ಯಾರ ಕಣ್ಣಿಗೆ ಒಂದೇ? ಕರಿಬೇವಿನ ಗಿಡದ ಚಿಟ್ಟೆಯಿಂದ ಜೀವಸಂಕೇತ ಶಾಸ್ತ್ರದವರೆಗೆ

ಹಿತ್ತಲಲ್ಲಿ ಕರಿಬೇವಿನ ಗಿಡ ಇದ್ದವರು ಈ ಚಿಟ್ಟೆಯನ್ನು ನೋಡಿಯೇ ಇರುತ್ತಾರೆ. ಕಪ್ಪು ಮೈ, ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ಮೇಲೆ ಅಡ್ಡಕ್ಕೆ ಸಾಲಾಗಿ ಬಿಳಿ ಮಚ್ಚೆ. ಹೆಸರು ಕಾಮನ್ ಮಾರ್ಮನ್. ಅದೇ ಗಿಡಕ್ಕೆ ಮೊಟ್ಟೆ ಇಡಲು ಇನ್ನೊಂದು ಚಿಟ್ಟೆ ಬರುತ್ತದೆ. ಇದರ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕೆ. ಅದೃಷ್ಟ ಇದ್ದರೆ ಮೂರನೆಯದೂ ಬರುತ್ತದೆ. ಅದರ ಮುಂದಿನ ರೆಕ್ಕೆಗೆ ಬಿಳಿಚಿದ ಪಟ್ಟಿ, ಹಿಂದಿನ ರೆಕ್ಕೆಯ ತುಂಬ ಕೆಂಪು ಚುಕ್ಕೆ. ಮೂರೂ ಬೇರೆ ಬೇರೆ ಚಿಟ್ಟೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ.

ಮೂರೂ ಒಂದೇ ಪ್ರಭೇದ. ಗಂಡಿಗೆ ಒಂದೇ ವೇಷ. ಹೆಣ್ಣಿಗೆ ನಮ್ಮ ಕಡೆ ಮೂರು ವೇಷ: ಒಂದು ಗಂಡಿನ ಹಾಗೇ, ಇನ್ನೆರಡು ಬೇರೆ ಎರಡು ಚಿಟ್ಟೆಗಳ ಹಾಗೆ. ಆ ಎರಡು ಚಿಟ್ಟೆಗಳು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಅವುಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು, ಆ ಎಲೆಯ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತವೆ. ಹುಳು ಚಿಟ್ಟೆಯಾದ ಮೇಲೂ ಆ ವಿಷ ಇರುತ್ತದೆ. ಹಕ್ಕಿಗೆ ಅದು ತಿನ್ನಲಾಗದ ತುತ್ತು. ಮಾರ್ಮನ್ ಹೆಣ್ಣಿನಲ್ಲಿ ಆ ವಿಷ ಇಲ್ಲ. ವಿಷದ ಬಣ್ಣ ಮಾತ್ರ ಇದೆ.

ಇದರಿಂದ ಮೋಸಹೋದವರು ನಾವಷ್ಟೇ ಅಲ್ಲ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ 1758ರಲ್ಲಿ ಈ ಒಂದೇ ಪ್ರಭೇದದ ಎರಡು ರೂಪಗಳಿಗೆ ಎರಡು ಹೆಸರು ಕೊಟ್ಟ: ಪ್ಯಾಪಿಲಿಯೊ ಪಾಲಿಟೀಸ್ ಮತ್ತು ಪ್ಯಾಪಿಲಿಯೊ ಪಮ್ಮನ್. ಗಂಡು ಒಂದು ಪ್ರಭೇದ, ಹೆಣ್ಣು ಇನ್ನೊಂದು! ಇವೆಲ್ಲ ಒಂದೇ ಪ್ರಭೇದದ ರೂಪಗಳು, ಹೆಣ್ಣುಗಳು ಬೇರೆ ಚಿಟ್ಟೆಯ ವೇಷ ಹಾಕಿವೆ ಎಂದು ಆಲ್ಫ್ರೆಡ್ ರಸೆಲ್ ವಾಲೆಸ್ 1865ರಲ್ಲಿ ಅಚ್ಚಾದ ಪ್ರಬಂಧದಲ್ಲಿ ವಿವರಿಸಿದ.

ಲಿನೇಯಸ್‌ನನ್ನು ತಪ್ಪು ಅನ್ನುವ ಮೊದಲು ಒಂದು ಕ್ಷಣ ನಿಲ್ಲೋಣ. ಅವನ ಮುಂದೆ ಇದ್ದದ್ದು ಪಿನ್ನು ಚುಚ್ಚಿದ ಒಣ ಚಿಟ್ಟೆ. ರೂಪ ಬೇರೆ, ಹಾಗಾಗಿ ಜೀವಿಯೂ ಬೇರೆ ಅಂದುಕೊಂಡ. ಆದರೆ ಆ ರೂಪ ಯಾರಿಗಾಗಿ ಹಾಗಿದೆ ಎಂಬ ಪ್ರಶ್ನೆಗೆ ಪೆಟ್ಟಿಗೆಯೊಳಗೆ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಹೊರಗೆ, ಒಂದು ಹಕ್ಕಿಯ ನೆನಪಿನಲ್ಲಿ. ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋಗುವ ಅಧ್ಯಯನಕ್ಕೆ ಬಯೋಸೆಮಿಯಾಟಿಕ್ಸ್ ಅಂತ ಹೆಸರು. ಕನ್ನಡದಲ್ಲಿ ಜೀವಸಂಕೇತ ಶಾಸ್ತ್ರ ಅನ್ನೋಣ.

ಹೆಸರು ಕೇಳಿ ಹೆದರುವುದು ಬೇಡ. ಹೊಗೆ ಕಂಡರೆ ಬೆಂಕಿ ಇದೆ ಅನ್ನುತ್ತೇವೆ, ಅಲ್ವಾ? ಇಲ್ಲಿ ಮೂರು ಸಂಗತಿ ಇವೆ. ಹೊಗೆ ಒಂದು, ಬೆಂಕಿ ಒಂದು, ಹೊಗೆಯನ್ನು ನೋಡಿ ಬೆಂಕಿ ಅಂತ ಅರ್ಥಮಾಡಿಕೊಂಡವರು ಒಂದು. ಮೂರನೆಯದು ಇಲ್ಲದಿದ್ದರೆ ಹೊಗೆ ಸುಮ್ನೆ ಹೊಗೆ, ಸಂಕೇತ ಅಲ್ಲ. ಅಮೆರಿಕದ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಎಂಬ ತತ್ವಜ್ಞಾನಿ ಸಂಕೇತವನ್ನು ಹೀಗೆ ಮೂರು ಕಾಲಿನ ಮೇಲೆ ನಿಲ್ಲಿಸಿದ. ಅರ್ಥ ಮಾಡಿಕೊಳ್ಳುವುದು ಮನುಷ್ಯನಿಗೆ ಮಾತ್ರ ಮೀಸಲಲ್ಲ, ಬದುಕಿರುವ ಎಲ್ಲಕ್ಕೂ ಅದು ಒಂದಲ್ಲ ಒಂದು ಮಟ್ಟದಲ್ಲಿ ಇದೆ ಎಂಬುದು ಜೀವಸಂಕೇತ ಶಾಸ್ತ್ರದ ಮೂಲ ಮಾತು. ಹಕ್ಕಿಗೆ ಕೆಂಪು ಚುಕ್ಕೆ ಹೊಗೆ. ವಿಷ ಬೆಂಕಿ. ಮಾರ್ಮನ್ ಹೆಣ್ಣು ಬೆಂಕಿ ಇಲ್ಲದ ಹೊಗೆ.

ಈ ಯೋಚನೆಗೆ ಬಹಳ ಹಿಂದೆಯೇ ನೆಲ ಹದ ಮಾಡಿದವನು ಯಾಕೋಬ್ ಫೋನ್ ಉಕ್ಸ್‌ಕ್ಯುಲ್ ಎಂಬ ಜೀವವಿಜ್ಞಾನಿ. ಎಸ್ಟೋನಿಯಾದಲ್ಲಿ 1864ರಲ್ಲಿ ಹುಟ್ಟಿದವನು, ಮುಂದೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡಿದ. ಅವನು ಕೊಟ್ಟ ಉದಾಹರಣೆ ರಕ್ತ ಹೀರುವ ಉಣುಗಿನದು. ಮಂಗನ ಕಾಯಿಲೆಯ ಭಯದಲ್ಲಿ ಬದುಕುವ ಮಲೆನಾಡಿನವರಿಗೆ ಉಣುಗು ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಅದು ಪೊದೆಯ ತುದಿಯಲ್ಲಿ ಕಾಯುತ್ತಾ ಕೂರುತ್ತದೆ. ಅದರ ಲೋಕದಲ್ಲಿ ಮರ ಇಲ್ಲ, ಆಕಾಶ ಇಲ್ಲ, ಹೂವಿನ ಬಣ್ಣ ಇಲ್ಲ. ಮೂರೇ ಸಂಗತಿ ಇವೆ. ಪ್ರಾಣಿಯ ಬೆವರಿನಲ್ಲಿರುವ ಬ್ಯುಟೈರಿಕ್ ಆಮ್ಲದ ವಾಸನೆ ಬಂದರೆ ಹಿಡಿತ ಬಿಡು. ಕೂದಲು ತಾಗಿದರೆ ನಡೆ. ಬೆಚ್ಚನೆಯ ಬರಿ ಚರ್ಮ ಸಿಕ್ಕರೆ ಕಚ್ಚು. ಹಸುವೋ ನಾಯಿಯೋ ಮನುಷ್ಯನೋ ಎಂಬ ಭೇದ ಅದಕ್ಕಿಲ್ಲ. ಪ್ರತಿ ಜೀವಿಗೂ ಹೀಗೆ ತನ್ನದೇ ಅರ್ಥಗಳ ಲೋಕ ಇದೆ ಅಂದ ಉಕ್ಸ್‌ಕ್ಯುಲ್. ಆ ಲೋಕಕ್ಕೆ ಅವನು ಕೊಟ್ಟ ಹೆಸರು ಉಮ್‌ವೆಲ್ಟ್.

ಇದನ್ನು ವರ್ಗೀಕರಣದ ಮಾತಾಗಿ ಓದಿ ನೋಡಿ. ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಸಸ್ತನಿ ಎಂಬ ದೊಡ್ಡ ಗುಂಪಿದೆ. ಉಣುಗಿನ ಹತ್ತಿರವೂ ಅಂಥದ್ದೇ ಒಂದು ಗುಂಪಿದೆ: ಬೆವರಿನ ವಾಸನೆ, ಕೂದಲು, ಬಿಸಿ. ವರ್ಗೀಕರಣವನ್ನು ನಾವು ಶುರುಮಾಡಲಿಲ್ಲ. ಪ್ರಾಣಿಗಳು ಒಂದನ್ನೊಂದು ಗುಂಪು ಮಾಡುತ್ತಲೇ ಇದ್ದವು. ತಿನ್ನುವಂಥದ್ದು, ತಿನ್ನಬಾರದ್ದು, ಓಡಿಹೋಗಬೇಕಾದದ್ದು, ನಮ್ಮವರು. ನನಗೆ ಈ ಶಾಸ್ತ್ರ ಹಿಡಿಸಿದ್ದು ಇಲ್ಲೇ.

ಈಗ ರೂಪದ ವಿಷಯಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಡಾಲ್ಫ್ ಪೋರ್ಟ್‌ಮನ್ ಎಂಬ ಪ್ರಾಣಿಶಾಸ್ತ್ರಜ್ಞ ಇದ್ದ (1897–1982). ಪ್ರಾಣಿಗಳ ರೂಪದ ಬಗ್ಗೆ ಅವನು 1948ರಲ್ಲಿ ಒಂದು ಪುಸ್ತಕ ಬರೆದ. ಅವನು ಗಮನಿಸಿದ ಒಂದು ವಿಷಯ ಎಷ್ಟು ಸರಳ ಅಂದರೆ, ನಮಗೆ ಯಾಕೆ ಹೊಳೆಯಲಿಲ್ಲ ಅನ್ನಿಸುತ್ತದೆ. ಪ್ರಾಣಿಯ ಹೊರಗಿನ ಮೈ ಎಡಬಲ ಒಂದೇ ಥರ ಇರುತ್ತದೆ. ಒಳಗೆ ಹಾಗಿಲ್ಲ. ಹೃದಯ ಒಂದು ಪಕ್ಕಕ್ಕೆ, ಪಿತ್ತಜನಕಾಂಗ ಇನ್ನೊಂದು ಪಕ್ಕಕ್ಕೆ, ಕರುಳು ಸುರುಳಿ ಸುತ್ತಿಕೊಂಡು ಹೇಗೋ ತುಂಬಿಕೊಂಡಿರುತ್ತದೆ. ಒಳಗಿನದನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕೆಲಸ ನಡೆದರೆ ಸಾಕು. ಹೊರಗಿನದು ನೋಡಿಸಿಕೊಳ್ಳುವ ಮೈ. ಅದಕ್ಕೆ ಬೇರೆಯೇ ಕಟ್ಟುಪಾಡು.

ನವಿಲುಗರಿಯನ್ನು ಕೈಯಲ್ಲಿ ಹಿಡಿದು ನೋಡಿ. ಕಣ್ಣಿನಂಥ ಆ ಚಿತ್ತಾರ ಒಂದು ತುಂಡಲ್ಲ. ನೂರಾರು ಸಣ್ಣ ಎಳೆಗಳು ಸೇರಿ ಆದದ್ದು. ಒಂದೇ ಎಳೆಯನ್ನು ಕಿತ್ತು ನೋಡಿದರೆ ಅದರಲ್ಲಿ ಕಂದು, ಹಸಿರು, ನೀಲಿಯ ತುಣುಕುಗಳಷ್ಟೇ. ಎಲ್ಲ ಎಳೆಗಳೂ ಪಕ್ಕಪಕ್ಕ ನಿಂತಾಗ ಮಾತ್ರ ಕಣ್ಣು ಮೂಡುತ್ತದೆ. ಇನ್ನು ಚಿಟ್ಟೆ, ಪತಂಗಗಳಲ್ಲಿ ಎಷ್ಟೋ ಕಡೆ ರೆಕ್ಕೆ ಮಡಚಿ ಕೂತಾಗ ಹೊರಗೆ ಕಾಣುವ ಭಾಗಕ್ಕಷ್ಟೇ ಚಿತ್ತಾರ ಇರುತ್ತದೆ. ಮುಂದಿನ ರೆಕ್ಕೆಯ ಗೆರೆ ಹಿಂದಿನ ರೆಕ್ಕೆಯ ಗೆರೆಗೆ ಸರಿಯಾಗಿ ಸೇರಿಕೊಳ್ಳುತ್ತದೆ. ಮುಚ್ಚಿಹೋಗುವ ಭಾಗ ಬೋಳು. ಎರಡು ರೆಕ್ಕೆ ಬೇರೆ ಬೇರೆಯಾಗಿ ಬೆಳೆದವು, ಆದರೆ ಚಿತ್ರ ಒಂದೇ. ಆ ಚಿತ್ರ ಪೂರ್ತಿಯಾಗುವ ಜಾಗ ರೆಕ್ಕೆ ಅಲ್ಲ, ನೋಡುವವರ ಕಣ್ಣು.

ಪೋರ್ಟ್‌ಮನ್‌ನ ಈ ಹೊಳಹನ್ನು ಪ್ರಾಗ್‌ನ ಕಾರೆಲ್ ಕ್ಲೈಸ್ನರ್ 2008ರ ಹೊತ್ತಿಗೆ ಜೀವಸಂಕೇತ ಶಾಸ್ತ್ರದೊಳಗೆ ತಂದರು. ಕಾಲು, ಹಲ್ಲು, ಮೂತ್ರಪಿಂಡ ಇವು ಮಾಡುವ ಕೆಲಸದಿಂದ ಅಂಗ ಅನ್ನಿಸಿಕೊಳ್ಳುತ್ತವೆ. ಚಿಟ್ಟೆಯ ಕೆಂಪು ಚುಕ್ಕೆ, ಪತಂಗದ ಹುಸಿಗಣ್ಣು ಇವುಗಳೂ ಅಂಗಗಳೇ, ಆದರೆ ಯಾರಾದರೂ ನೋಡಿ ಅರ್ಥ ಮಾಡಿಕೊಂಡಾಗ ಮಾತ್ರ ಕೆಲಸ ಮಾಡುತ್ತವೆ. ಇಂಥವನ್ನು ಅರ್ಥದ ಅಂಗಗಳು ಅಂತ ಕರೆಯಬಹುದು. ಅರ್ಧ ಭಾಗ ಇರುವುದು ಹೊತ್ತುಕೊಂಡವರ ಮೈಯಲ್ಲಿ, ಇನ್ನರ್ಧ ಓದುವವರ ತಲೆಯಲ್ಲಿ.

ಇದನ್ನು ಒಪ್ಪಿದರೆ ಹೋಲಿಕೆಯ ಹಳೆಯ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಶಾಲೆಯಲ್ಲಿ ನಾವು ಎರಡು ಬಗೆಯ ಹೋಲಿಕೆ ಕಲಿತೆವು. ನಮ್ಮ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗೈ ನೋಡಲು ಬೇರೆ, ಆದರೆ ಒಳಗಿನ ಮೂಳೆಗಳ ಜೋಡಣೆ ಒಂದೇ. ಇದು ಮೂಲದ ಹೋಲಿಕೆ. ಬ್ರಿಟನ್ನಿನ ರಿಚರ್ಡ್ ಓವೆನ್ 1843ರಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟ. ಶಾರ್ಕ್ ಮತ್ತು ಡಾಲ್ಫಿನ್ ನಂಟರಲ್ಲ, ಆದರೆ ಇಬ್ಬರ ಮೈಯನ್ನೂ ನೀರು ಒಂದೇ ಥರ ತಿದ್ದಿದೆ. ಇದು ಕೆಲಸದ ಹೋಲಿಕೆ.

ಮಾರ್ಮನ್ ಹೆಣ್ಣು ಮತ್ತು ಕಾಮನ್ ರೋಸ್‌ನ ಹೋಲಿಕೆ ಯಾವುದಕ್ಕೆ ಸೇರುತ್ತದೆ? ಇಬ್ಬರೂ ದೊಡ್ಡ ಕುಟುಂಬವೊಂದರ ದೂರದ ನಂಟರು ನಿಜ, ಆದರೆ ಈ ಕೆಂಪು ಚುಕ್ಕೆ ಮಾರ್ಮನ್‌ಗೆ ಹಿರಿಯರಿಂದ ಬಂದ ಆಸ್ತಿಯಲ್ಲ. ನೀರೋ ಗಾಳಿಯೋ ತಿದ್ದಿದ್ದೂ ಅಲ್ಲ. ಗಾಳಿಗೆ ಕೆಂಪು ಚುಕ್ಕೆ ಕಟ್ಟಿಕೊಂಡು ಏನಾಗಬೇಕು? ಇದನ್ನು ತಿದ್ದಿದ್ದು ಹಕ್ಕಿಗಳ ತಪ್ಪು ಓದು. ತಲೆಮಾರು ತಲೆಮಾರುಗಳಲ್ಲಿ ಯಾವ ಹೆಣ್ಣನ್ನು ಹಕ್ಕಿ ರೋಸ್ ಅಂತ ಓದಿತೋ ಅದು ಉಳಿಯಿತು. ಹಾಗಾಗಿ ಇದನ್ನು ಮೂರನೆಯ ಬಗೆ ಅನ್ನಬೇಕು: ನೋಡುವವರಿಂದ ಹುಟ್ಟಿದ ಹೋಲಿಕೆ. ಎರಡು ವಸ್ತು ಹೋಲುತ್ತವೆ ಅಂದಾಗ ಯಾರಿಗೆ ಅಂತ ಕೇಳಲೇಬೇಕಾಗುತ್ತದೆ. ನಮಗೆ ಇವೆರಡನ್ನು ಬೇರೆ ಮಾಡುವುದು ಸುಲಭ. ರೋಸ್‌ನ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಹಾರುವ ಚಿಟ್ಟೆಯನ್ನು ಹಿಡಿಯಲು ಬಂದ ಹಕ್ಕಿಗೆ ಸಿಗುವುದು ಕ್ಷಣಮಾತ್ರದ ನೋಟ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೆಣ್ಣು ಇಷ್ಟು ಚೆನ್ನಾಗಿ ವೇಷ ಹಾಕಿದರೆ ಗಂಡು ಅವಳನ್ನು ಗುರುತಿಸುವುದು ಹೇಗೆ? ಚಿಟ್ಟೆಗಳ ಕಣ್ಣಿಗೆ ನಮಗೆ ಕಾಣದ ಅತಿನೇರಳೆ ಬೆಳಕೂ ಕಾಣುತ್ತದೆ. ಹತ್ತಿರ ಬಂದ ಮೇಲೆ ವಾಸನೆಗೂ ದೊಡ್ಡ ಪಾತ್ರ ಇದೆ. ಅಂದರೆ ಅವಳು ಒಂದೇ ಮೈಯಲ್ಲಿ ಇಬ್ಬರಿಗೆ ಓಲೆ ಬರೆದಿದ್ದಾಳೆ. ಹಕ್ಕಿಗೆ "ನಾನು ರೋಸ್", ಗಂಡಿಗೆ "ನಾನು ಮಾರ್ಮನ್". ಒಬ್ಬರ ಓಲೆ ಇನ್ನೊಬ್ಬರಿಗೆ ಅರ್ಥವಾಗಿಬಿಟ್ಟರೆ ಕೆಲಸ ಕೆಟ್ಟಿತು.

ಈ ಚಿಟ್ಟೆಯ ವಂಶವಾಹಿಯ ಕಥೆ ಬಿಡಿಸಿದ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಚ್ಚರಿಯ ವಿಷಯ ಪ್ರಕಟಿಸಿದರು. ಹೆಣ್ಣಿನ ವೇಷವನ್ನು ತೀರ್ಮಾನಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್. ಕೀಟಗಳಲ್ಲಿ ಗಂಡು ಹೆಣ್ಣಿನ ಲಕ್ಷಣ ರೂಪಿಸುವ ಜೀನ್ ಅದು. ಗಂಡು ಚಿಟ್ಟೆಯೂ ವೇಷದ ಜೀನನ್ನು ಹೊತ್ತಿರಬಹುದು, ಆದರೆ ತೋರಿಸುವುದಿಲ್ಲ. ಜೀನ್ ಸಿಕ್ಕಿತಲ್ಲ, ಇನ್ನು ಸಂಕೇತದ ಮಾತು ಯಾಕೆ ಅಂತ ಕೇಳಬಹುದು. ನನ್ನ ಉತ್ತರ ಇಷ್ಟೇ. ಆ ಜೀನನ್ನು ಎಷ್ಟು ಓದಿದರೂ ಅದರಲ್ಲಿ ಹಕ್ಕಿ ಸಿಗುವುದಿಲ್ಲ, ಈಶ್ವರಿ ಬಳ್ಳಿ ಸಿಗುವುದಿಲ್ಲ. ಚುಕ್ಕೆ ಹೇಗೆ ಮೂಡುತ್ತದೆ ಅಂತ ಜೀನ್ ಹೇಳುತ್ತದೆ. ಆ ಚುಕ್ಕೆ ಯಾಕೆ ಅದೇ ಬಣ್ಣದಲ್ಲಿ, ಅದೇ ಜಾಗದಲ್ಲಿ ಉಳಿಯಿತು ಅಂತ ತಿಳಿಯಲು ಹಿತ್ತಲಿಗೆ ಬರಬೇಕು.

ಇಲ್ಲಿಂದ ವರ್ಗೀಕರಣದ ದೊಡ್ಡ ಪ್ರಶ್ನೆಗೆ ಹೋಗಬಹುದು. ಪ್ರಭೇದ ಅಂದರೆ ಏನು? ಅರ್ನ್ಸ್ಟ್ ಮೇಯರ್ 1942ರಲ್ಲಿ ಕೊಟ್ಟ ಉತ್ತರ ಪಠ್ಯಪುಸ್ತಕಗಳಲ್ಲಿದೆ: ತಮ್ಮೊಳಗೆ ಕೂಡಿ ಮರಿ ಮಾಡುವ, ಬೇರೆ ಗುಂಪುಗಳ ಜೊತೆ ಕೂಡದ ಜೀವಿಗಳ ಗುಂಪು. ದಕ್ಷಿಣ ಆಫ್ರಿಕಾದ ಹ್ಯೂ ಪ್ಯಾಟರ್ಸನ್ 1985ರಲ್ಲಿ ಈ ಉತ್ತರವನ್ನು ಮಗುಚಿ ಹಾಕಿದರು. ಬೇರೆಯವರ ಜೊತೆ ಕೂಡದಿರುವುದು ಬರೀ ಪರಿಣಾಮ ಅಂದರು. ಒಂದು ಕಪ್ಪೆ ಬೇರೆ ಕಪ್ಪೆಗಳನ್ನು ದೂರ ಇಡಬೇಕು ಅಂತ ಕೂಗುವುದಿಲ್ಲ. ತನ್ನವರಿಗೆ ಕೇಳಲಿ ಅಂತ ಕೂಗುತ್ತದೆ. ಒಂದೇ ಗುರುತಿನ ಪದ್ಧತಿಯನ್ನು ಹಂಚಿಕೊಂಡವರೇ ಒಂದು ಪ್ರಭೇದ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದ ಕಾಲೆವಿ ಕುಲ್ ಈ ಮಾತನ್ನು ಎತ್ತಿಕೊಂಡು, ಪ್ರಭೇದ ಎಂಬುದೇ ಸಂಕೇತಗಳಿಂದ ಕಟ್ಟಿದ ಕೂಟ ಎಂದು ವಾದಿಸಿದರು. ಹಾಗೆ ನೋಡಿದರೆ ಪ್ರಭೇದದ ಗಡಿಯನ್ನು ಎಳೆಯುವುದು ಪ್ರಾಣಿಗಳೇ. ನಾವು ಅದನ್ನು ಹುಡುಕುತ್ತೇವೆ, ಅಷ್ಟೇ.

ಹುಡುಕಿದವರ ಕಥೆ ಹಳೆಯದು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ 1768ರಲ್ಲೇ, ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವ ಪುಟ್ಟ ಎಲೆಹಕ್ಕಿಗಳಲ್ಲಿ ಮೂರು ಪ್ರಭೇದ ಇವೆ ಅಂತ ಹಾಡು ಕೇಳಿ ಗುರುತಿಸಿದ. ಬ್ರಿಟನ್ನಿನಲ್ಲಿ ಎಲ್ಲೆಲ್ಲೂ ಕಾಣುವ ಪಿಪಿಸ್ಟ್ರೆಲ್ ಬಾವಲಿಯದೂ ಇದೇ ಕಥೆ. ಎಲ್ಲರೂ ಅದನ್ನು ಒಂದೇ ಪ್ರಭೇದ ಅಂದುಕೊಂಡಿದ್ದರು. ಅದರ ಶ್ರವಣಾತೀತ ಕೂಗನ್ನು ಅಳೆದಾಗ ಕೆಲವು ಸುಮಾರು 45 ಕಿಲೋಹರ್ಟ್ಸ್‌ನಲ್ಲಿ, ಕೆಲವು ಸುಮಾರು 55 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತವೆ ಅಂತ ಗೊತ್ತಾಯಿತು. ಡಿಎನ್‌ಎ ಪರೀಕ್ಷೆ 1997ರಲ್ಲಿ ಅದನ್ನು ಖಚಿತಪಡಿಸಿತು. ಎರಡು ಪ್ರಭೇದಗಳು ನಮ್ಮ ಕಿವಿಗೆ ಕೇಳದ ದನಿಯಲ್ಲಿ ಬೇರೆಯಾಗಿದ್ದವು.

ನಮ್ಮಲ್ಲೂ ಇದೆ. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ ಮಳೆಗಾಲದಲ್ಲಿ ಕೇಳುತ್ತಿದ್ದ ಒಂದು ದನಿ ಥೇಟ್ ಜೀರುಂಡೆಯ ಹಾಗೆ. ಹತ್ತಿರ ಹೋದರೆ ಹೆಬ್ಬೆರಳ ಉಗುರಿನಷ್ಟು ಪುಟ್ಟ ಕಪ್ಪೆ, ಉದ್ದ ಸುಮಾರು 1.6 ಸೆಂಟಿಮೀಟರ್. ಮೈ ಅಳತೆ, ಡಿಎನ್‌ಎ, ಕೂಗು ಮೂರನ್ನೂ ನೋಡಿ 2016ರಲ್ಲಿ ಅದಕ್ಕೆ ಮೈಕ್ರೊಹೈಲಾ ಲ್ಯಾಟರೈಟ್ ಅಂತ ಹೆಸರಿಟ್ಟರು. ಮುರಕಲ್ಲಿನ ನೆಲವನ್ನು ಪಾಳು ಭೂಮಿ ಅಂತ ಬರೆದುಬಿಡುವವರಿಗೆ ಆ ಹೆಸರು ಒಂದು ಉತ್ತರ ಕೂಡ. ನಮ್ಮ ಕಿವಿಗೆ ಜೀರುಂಡೆ ಅನ್ನಿಸಿದ್ದು ಆ ಕಪ್ಪೆಯ ಹೆಣ್ಣಿಗೆ ಹಾಗೆ ಅನ್ನಿಸುವುದಿಲ್ಲ ಎಂಬುದನ್ನು ಗಮನಿಸಿ.

ಗುರುತಿನ ಸಂಕೇತ ಅಳಿಸಿಹೋದರೆ ಏನಾಗುತ್ತದೆ? ಇದಕ್ಕೆ ಮನಕಲಕುವ ಉತ್ತರ ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿದೆ. ಅಲ್ಲಿ ಸಿಕ್ಲಿಡ್ ಎಂಬ ಗುಂಪಿನ ನೂರಾರು ಪ್ರಭೇದದ ಮೀನುಗಳಿವೆ. ಎಷ್ಟೋ ಪ್ರಭೇದಗಳನ್ನು ಬೇರೆ ಇಟ್ಟಿರುವುದು ಬಣ್ಣ. ಪಂಡಮಿಲಿಯಾ ಕುಲದಲ್ಲಿ ಒಂದು ಪ್ರಭೇದದ ಗಂಡು ಕೆಂಪು, ಇನ್ನೊಂದರ ಗಂಡು ನೀಲಿ. ತಿಳಿನೀರಿನಲ್ಲಿ ಹೆಣ್ಣು ತನ್ನ ಬಣ್ಣದ ಗಂಡನ್ನೇ ಆರಿಸುತ್ತದೆ. ಓಲೆ ಸೀಹೌಸನ್ ಎಂಬ ಜೀವವಿಜ್ಞಾನಿ ಮತ್ತು ಜೊತೆಗಾರರು 1997ರಲ್ಲಿ ತೋರಿಸಿದಂತೆ, ಸರೋವರದ ನೀರು ಕದಡಿದ ಕಡೆ ಆ ಗಡಿ ಕರಗುತ್ತಿದೆ. ಸುತ್ತಲಿನ ಜಮೀನಿನ ಮಣ್ಣು, ಕೊಳಕು ಸೇರಿ ಪಾಚಿ ಬೆಳೆದು ನೀರು ಮಬ್ಬಾಗಿದೆ. ಪ್ರಯೋಗಾಲಯದಲ್ಲೂ ಕೆಂಪು ನೀಲಿ ತಿಳಿಯದಂಥ ಬೆಳಕು ಹಾಕಿದಾಗ ಹೆಣ್ಣುಗಳ ಆಯ್ಕೆ ತಪ್ಪಿತು. ಮೀನು ಸಾಯಲಿಲ್ಲ. ಜೀನ್ ಕೆಡಲಿಲ್ಲ. ಒಂದು ಬಣ್ಣ ಓದಲು ಆಗದೇ ಹೋಯಿತು, ಎರಡು ಪ್ರಭೇದ ಬೆರೆಯತೊಡಗಿದವು. ಜೀವವೈವಿಧ್ಯ ಕಾಪಾಡುವುದು ಅಂದಾಗ ನಾವು ಪ್ರಾಣಿಗಳ ಲೆಕ್ಕ ಇಡುತ್ತೇವೆ. ಬೆಳಕು, ನಿಶ್ಶಬ್ದ, ತಿಳಿನೀರು ಇವುಗಳ ಲೆಕ್ಕವನ್ನೂ ಇಡಬೇಕು ಅಂತ ನನಗೆ ಬಲವಾಗಿ ಅನ್ನಿಸುವುದು ಈ ಮೀನುಗಳಿಂದ.

ಈ ಶಾಸ್ತ್ರವನ್ನು ಎಲ್ಲ ಜೀವವಿಜ್ಞಾನಿಗಳೂ ಒಪ್ಪಿದ್ದಾರೆ ಅನ್ನಲಾಗದು. ಸಂಕೇತ, ಅರ್ಥ, ಓದು ಎಂಬುವು ಬರೀ ಉಪಮೆ, ನಿಸರ್ಗದ ಆಯ್ಕೆ ಒಂದರಿಂದಲೇ ಇದನ್ನೆಲ್ಲ ವಿವರಿಸಬಹುದು ಅನ್ನುವವರು ಜಾಸ್ತಿ. ಅವರ ಮಾತಿನಲ್ಲಿ ತೂಕ ಇದೆ. ಯಾರು ಯಾರ ನಂಟರು ಎಂಬ ಪ್ರಶ್ನೆಗೆ ಡಿಎನ್‌ಎ ಕೊಡುವಷ್ಟು ಗಟ್ಟಿ ಉತ್ತರವನ್ನು ಸಂಕೇತಗಳು ಕೊಡಲಾರವು. ರೋಸ್ ಮತ್ತು ಮಾರ್ಮನ್ ಹತ್ತಿರದ ನಂಟರಲ್ಲ ಅಂತ ಖಚಿತವಾಗಿ ಹೇಳುವುದು ಡಿಎನ್‌ಎಯೇ. ಜೀವಕೋಶದೊಳಗಿನ ಪ್ರತಿ ರಾಸಾಯನಿಕ ಕ್ರಿಯೆಯನ್ನೂ ಅರ್ಥ ಎಂದು ಕರೆಯುವ ಉತ್ಸಾಹವೂ ಈ ವಲಯದಲ್ಲಿ ಕೆಲವೊಮ್ಮೆ ಕಾಣುತ್ತದೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ನಿಸರ್ಗದ ಆಯ್ಕೆ ಅನ್ನುವಾಗ ಆರಿಸಿದವರು ಯಾರು ಅಂತ ಕೇಳಿದರೆ, ಮಾರ್ಮನ್‌ನ ವಿಷಯದಲ್ಲಿ ಉತ್ತರ ಹಕ್ಕಿ. ಅದು ನೋಡಿತು, ನೆನಪಿಟ್ಟಿತು, ತಪ್ಪು ತಿಳಿಯಿತು. ಇದನ್ನು ಹೇಳಲು ಸಂಕೇತದ ಭಾಷೆಗಿಂತ ನೇರವಾದ ಭಾಷೆ ನನಗೆ ಸಿಕ್ಕಿಲ್ಲ.

ಮತ್ತೆ ಕರಿಬೇವಿನ ಗಿಡಕ್ಕೆ ಬರೋಣ. ಈ ಸಲ ಚಿಟ್ಟೆ ಬಿಟ್ಟು ಎಲೆ ನೋಡಿ. ಎಲೆಯ ಮೇಲೆ ಕಂದು ಬಿಳಿ ಬೆರೆತ ಹಕ್ಕಿ ಹಿಕ್ಕೆಯಂಥದ್ದು ಅಂಟಿಕೊಂಡಿದ್ದರೆ ಅದನ್ನು ಒರೆಸಬೇಡಿ. ಅದು ಮಾರ್ಮನ್‌ನ ಎಳೆಯ ಹುಳು ಇರಬಹುದು. ತನ್ನ ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲವಲ್ಲ. ಹುಳು ತಿನ್ನುತ್ತಾ ಬೆಳೆಯುತ್ತದೆ. ಪೊರೆ ಕಳಚುತ್ತದೆ, ಮತ್ತೆ ಹಿಕ್ಕೆಯಂತೆಯೇ ಇರುತ್ತದೆ. ಆದರೆ ಬೆರಳುದ್ದದ ಹಿಕ್ಕೆ ಎಲ್ಲಿದೆ? ಆ ಗಾತ್ರಕ್ಕೆ ಬಂದಾಗ ಹಳೆಯ ವೇಷವನ್ನು ಹಕ್ಕಿ ನಂಬುವುದಿಲ್ಲ. ಸರಿಯಾಗಿ ಆ ಹೊತ್ತಿಗೆ, ಐದನೆಯ ಹಂತದಲ್ಲಿ, ಹುಳು ಎಲೆಹಸಿರಾಗುತ್ತದೆ. ತಲೆಯ ಹಿಂದೆ ಹಾವಿನ ಕಣ್ಣಿನಂಥ ಎರಡು ಹುಸಿಗಣ್ಣು ಮೂಡುತ್ತವೆ. ಮುಟ್ಟಿದರೆ ಕೆಂಪು ಕೋಡೊಂದನ್ನು ಹೊರಗೆ ಚಾಚಿ ಕಟುವಾದ ವಾಸನೆ ಬಿಡುತ್ತದೆ. ಇದೇ ಕುಲದ ಇನ್ನೊಂದು ಚಿಟ್ಟೆಯಲ್ಲಿ ಈ ವೇಷಬದಲಾವಣೆಯನ್ನು ಜಪಾನಿನ ಸಂಶೋಧಕರು 2008ರಲ್ಲಿ ವಿವರಿಸಿದರು. ಹುಳುವನ್ನು ಎಳೆಯ ಹುಳುವಾಗಿಯೇ ಇರಿಸುವ ಜುವೆನೈಲ್ ಹಾರ್ಮೋನ್ ನಾಲ್ಕನೆಯ ಹಂತದಲ್ಲಿ ಇಳಿದಾಗ ಹಸಿರು ವೇಷದ ತಯಾರಿ ಶುರುವಾಗುತ್ತದೆ. ನಾಲ್ಕು ಹಂತಗಳ ಕಾಲ ಹಿಕ್ಕೆ, ಒಂದು ಪೊರೆ ಕಳಚುವಷ್ಟರಲ್ಲಿ ಹಾವಿನ ಕಣ್ಣು.